ಬೇಲಿಯ ಈಚೆಯಿಂದ: ವೈಮಾನಿಕ ಪ್ರದರ್ಶನ ಮತ್ತು ಹವ್ಯಾಸಿ ಛಾಯಾಗ್ರಹಣದ ಚರಿತ್ರೆ

ವಿಮಾನಗಳನ್ನು ತಯಾರಿಸುವವರು, ಕೊಳ್ಳುವವರು ಮತ್ತು ಹಾರಿಸುವವರು ಒಂದೆಡೆ ಸೇರಿ, ಅವುಗಳ ಸಾಮರ್ಥ್ಯವನ್ನು ಜನರ ಕಣ್ಣೆದುರಿಗೆ ಆಕಾಶದಲ್ಲಿ ತೋರಿಸುವ ಕೂಟಕ್ಕೆ ವೈಮಾನಿಕ ಪ್ರದರ್ಶನವೆಂದು ಹೆಸರು. ಕನ್ನಡಿಗರಿಗೆ ಈ ಮಾತು ಕಿವಿಗೆ ಬಿದ್ದೊಡನೆ ನೆನಪಾಗುವುದು ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನಡೆಯುವ ಏರೋ ಇಂಡಿಯಾ. ಆ ದಿನಗಳಲ್ಲಿ ಮೊಣಕೈಯಷ್ಟು ಉದ್ದದ ಲೆನ್ಸ್ ಹೊತ್ತು, ಬಿಸಿಲಿಗೆ ಟೋಪಿ ಹಾಕಿಕೊಂಡು, ಬೇಲಿಗೆ ಒತ್ತಿಕೊಂಡು ನಿಲ್ಲುವ ಹವ್ಯಾಸಿಗಳ ಸಾಲು ಪ್ರದರ್ಶನದಷ್ಟೇ ಪರಿಚಿತ ದೃಶ್ಯವಾಗಿದೆ. ಈ ಹವ್ಯಾಸದ ಚರಿತ್ರೆಯನ್ನು ಕ್ಯಾಮರಾ ಸುಧಾರಿಸುತ್ತ ಬಂದ ಕಥೆಯಾಗಿ ಹೇಳುವುದು ವಾಡಿಕೆ, ಮತ್ತು ಆ ಕಥೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ಕ್ಯಾಮರಾದಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚಾಗಿ, ಈ ಚಿತ್ರಗಳ ರೂಪವನ್ನು ತೀರ್ಮಾನಿಸಿದ್ದು ಬೇಲಿ. ನೋಡುವವನು ಎಲ್ಲಿ ನಿಲ್ಲಬೇಕು, ಎಷ್ಟು ದೂರದಿಂದ ನೋಡಬೇಕು, ಯಾವ ದಿನ ಕ್ಯಾಮರಾ ಹೊರತೆಗೆಯಬಹುದು ಎಂಬುದನ್ನು ಕಾನೂನು, ಅಪಘಾತ ಮತ್ತು ಯುದ್ಧ ಈ ಮೂರೂ ಸೇರಿ ನಿಗದಿ ಮಾಡುತ್ತ ಬಂದಿರುವುದರಿಂದ, ಹವ್ಯಾಸಿಯ ಪ್ರತಿಯೊಂದು ಚಿತ್ರದಲ್ಲೂ ವಿಮಾನದ ಜೊತೆಗೆ ಆ ಬೇಲಿಯ ಗುರುತೂ ಇರುತ್ತದೆ.

ನಮ್ಮ ಪತ್ರಿಕೆಗಳು ಪ್ರತಿ ಪ್ರದರ್ಶನದಲ್ಲೂ ವಿಮಾನಗಳನ್ನು ಲೋಹದ ಹಕ್ಕಿಗಳೆಂದು ಕರೆಯುತ್ತವೆ. ಬಳಸಿ ಬಳಸಿ ಸವೆದ ಮಾತಾದರೂ ಛಾಯಾಗ್ರಹಣದ ಮಟ್ಟಿಗೆ ಅದು ಅಕ್ಷರಶಃ ನಿಜ, ಏಕೆಂದರೆ ಹಾರಾಟವನ್ನು ಹಿಡಿಯುವ ವಿದ್ಯೆ ಕಲಿತದ್ದು ಹಕ್ಕಿಗಳ ಮೇಲೆಯೇ. ಫ್ರಾನ್ಸಿನ ಶರೀರಶಾಸ್ತ್ರಜ್ಞ ಎತಿಯೆನ್ ಜೂಲ್ ಮಾರೇ 1882ರಲ್ಲಿ ಬಂದೂಕಿನ ಆಕಾರದ ಕ್ಯಾಮರಾವೊಂದನ್ನು ರೂಪಿಸಿದನು. ಗುರಿಯಿಟ್ಟು ಕುದುರೆ ಎಳೆದರೆ ಅದು ಸೆಕೆಂಡಿಗೆ 12 ಚಿತ್ರಗಳಂತೆ ಹಕ್ಕಿಯ ರೆಕ್ಕೆಬಡಿತವನ್ನು ದಾಖಲಿಸುತ್ತಿತ್ತು. ಎರಡು ವರ್ಷಗಳ ನಂತರ ಜರ್ಮನಿಯ ಒಟ್ಟೊಮಾರ್ ಆನ್‌ಷ್ಯೂಟ್ಸ್ ಕೊಕ್ಕರೆಗಳ ಹಾರಾಟದ ಚಿತ್ರಗಳನ್ನು ತೆಗೆದನು. ಆತ ಬಳಸಿದ ಷಟರ್ ಲೆನ್ಸಿನ ಬಳಿ ಇರದೆ, ಬೆಳಕು ಬೀಳುವ ಫಲಕದ ಮುಂದೆಯೇ ಪರದೆಯಂತೆ ಸರಿಯುತ್ತಿತ್ತು. ಪರದೆಯಲ್ಲಿದ್ದ ಸೀಳು ಕಿರಿದಾದಷ್ಟೂ ಫಲಕದ ಪ್ರತಿ ಭಾಗಕ್ಕೆ ಬೆಳಕು ತಾಗುವ ಕಾಲ ಕಡಿಮೆಯಾಗಿ, ಚಲಿಸುವ ವಸ್ತು ನಿಂತಂತೆ ಕಾಣುತ್ತಿತ್ತು. ಈ ಕೊಕ್ಕರೆಯ ಚಿತ್ರಗಳು ಒಟ್ಟೊ ಲಿಲಿಯೆಂಥಾಲ್‌ನ ರೆಕ್ಕೆಯ ಅಧ್ಯಯನಕ್ಕೆ ಒದಗಿದವು. 1890ರ ದಶಕದಲ್ಲಿ ಲಿಲಿಯೆಂಥಾಲ್ ತಾನೇ ಕಟ್ಟಿದ ರೆಕ್ಕೆಗಳನ್ನು ತೊಟ್ಟು ಗುಡ್ಡದ ಮೇಲಿಂದ ತೇಲಿ ಇಳಿಯತೊಡಗಿದಾಗ ಅವನನ್ನು ಚಿತ್ರೀಕರಿಸಿದವರಲ್ಲಿ ಆನ್‌ಷ್ಯೂಟ್ಸ್ ಕೂಡ ಒಬ್ಬನಾಗಿದ್ದನು. ಹಕ್ಕಿಯನ್ನು ಹಿಡಿದ ಷಟರೇ ಹಾರುವ ಮನುಷ್ಯನನ್ನೂ ಹಿಡಿಯಿತು. ಇಂದಿನ ಹವ್ಯಾಸಿಯ ಕ್ಯಾಮರಾದೊಳಗಿನ ಯಾಂತ್ರಿಕ ಷಟರ್ ಅದೇ ತತ್ತ್ವದ ಸಂತತಿ.

ಯಂತ್ರಬಲದಿಂದ ಹಾರಿದ ವಿಮಾನದ ಮೊದಲ ಪ್ರಸಿದ್ಧ ಚಿತ್ರವನ್ನು ತೆಗೆದವನು ಛಾಯಾಗ್ರಾಹಕನೇ ಅಲ್ಲ ಎಂಬುದು ಈ ಚರಿತ್ರೆಯ ಮಹತ್ವದ ಸಂಗತಿ. 1903ರ ಡಿಸೆಂಬರ್ 17ರಂದು ಅಮೆರಿಕದ ಕಿಟ್ಟಿ ಹಾಕ್ ಬಳಿಯ ಮರಳುದಿಬ್ಬಗಳಲ್ಲಿ ಆರ್ವಿಲ್ ರೈಟ್ ಗಾಜಿನ ಫಲಕದ ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ವಿಮಾನ ನೆಲ ಬಿಡಬಹುದಾದ ಜಾಗಕ್ಕೆ ಗುರಿಯಿಟ್ಟು, ರಬ್ಬರಿನ ಬಲ್ಬನ್ನು ಕಡಲತೀರದ ಜೀವರಕ್ಷಕ ದಳದ ಜಾನ್ ಡೇನಿಯಲ್ಸ್ ಎಂಬವನ ಕೈಗೆ ಕೊಟ್ಟು ಹೋದನು. ಹನ್ನೆರಡು ಸೆಕೆಂಡುಗಳ ಆ ಹಾರಾಟದಲ್ಲಿ, ವಿಮಾನ ಕಂಬಿಯಿಂದ ಮೇಲೆದ್ದ ಕ್ಷಣದಲ್ಲೇ, ಡೇನಿಯಲ್ಸ್ ಬಲ್ಬನ್ನು ಅದುಮಿದನು. ಜಾಗ ಮೊದಲೇ ನಿಗದಿಯಾಗಿತ್ತು, ದೂರ ಮೊದಲೇ ಅಳೆದಿತ್ತು, ಉಳಿದದ್ದು ಒಂದು ಕ್ಷಣದ ಆಯ್ಕೆ ಮಾತ್ರ. ಮುಂದೆ ಪ್ರದರ್ಶನಗಳಲ್ಲಿ ನಿಂತ ಲಕ್ಷಾಂತರ ಹವ್ಯಾಸಿಗಳ ಕೈಯಲ್ಲಿ ಉಳಿದ ಸ್ವಾತಂತ್ರ್ಯವೂ ಬಹುಮಟ್ಟಿಗೆ ಅಷ್ಟೇ.

ಪ್ರದರ್ಶನವೆಂಬ ಸಂಸ್ಥೆ ರೂಪುಗೊಂಡದ್ದು 1909ರ ಆಗಸ್ಟ್ 22ರಿಂದ 29ರವರೆಗೆ ಫ್ರಾನ್ಸಿನ ರ‍್ಯಾನ್ಸ್ ನಗರದ ಹೊರಗೆ, ಬೆತೆನಿ ಬಯಲಿನಲ್ಲಿ. ಶಾಂಪೇನ್ ತಯಾರಕರ ಹಣದಿಂದ ನಡೆದ ಈ ವಿಮಾನ ಸಪ್ತಾಹದಲ್ಲಿ ಪ್ರೇಕ್ಷಕರಿಗೆ ಅಟ್ಟಣೆಗಳಿದ್ದವು, ಹಾರುವ ಹಾದಿಯನ್ನು ತೋರಿಸುವ ಗೋಪುರಗಳಿದ್ದವು, ಟಿಕೆಟ್ ಇತ್ತು, ಮತ್ತು ಮೈದಾನವನ್ನು ಜನರಿಂದ ಬೇರ್ಪಡಿಸುವ ಕಟಕಟೆಯಿತ್ತು. ಅಂದಿನ ಅತಿ ವೇಗದ ವಿಮಾನವೂ ಗಂಟೆಗೆ ಸುಮಾರು 75 ಕಿಲೋಮೀಟರ್ ವೇಗದಲ್ಲಿ, ತಲೆಯ ಮೇಲೆ ಕೆಲವೇ ಹತ್ತು ಮೀಟರ್ ಎತ್ತರದಲ್ಲಿ ಹಾರುತ್ತಿದ್ದುದರಿಂದ ಪತ್ರಿಕಾ ಛಾಯಾಗ್ರಾಹಕರ ಫಲಕದ ಕ್ಯಾಮರಾಗಳಿಗೆ ಅದು ನಿಲುಕುವಂತಿತ್ತು. ಬಣ್ಣಕ್ಕೆ ಮಾತ್ರ ಆ ಭಾಗ್ಯವಿರಲಿಲ್ಲ. ಅದೇ ವರ್ಷ ಪ್ಯಾರಿಸ್ಸಿನ ಗ್ರಾಂ ಪಲೇ ಭವನದಲ್ಲಿ ನಡೆದ ವಿಮಾನ ವಸ್ತುಪ್ರದರ್ಶನವನ್ನು ಲಿಯೋನ್ ಗಿಂಪೆಲ್ ಬಣ್ಣದಲ್ಲಿ ಚಿತ್ರಿಸಿದನು. ಆತ ಬಳಸಿದ ಆಟೋಕ್ರೋಮ್ ಫಲಕಗಳು ಬಣ್ಣ ಹಾಕಿದ ಆಲೂಗಡ್ಡೆ ಪಿಷ್ಟದ ಸಣ್ಣ ಕಣಗಳ ಮೂಲಕ ಬೆಳಕನ್ನು ಸೋಸುತ್ತಿದ್ದುದರಿಂದ ದೀರ್ಘ ಕಾಲದ ಬೆಳಕು ಬೇಕಾಗುತ್ತಿತ್ತು, ಹೀಗಾಗಿ ಆ ವಿಮಾನಗಳೆಲ್ಲ ನಿಂತ ವಿಮಾನಗಳು. ಇದೇ ಕಾಲದಲ್ಲಿ, 1894ರಲ್ಲಿ ಹುಟ್ಟಿದ ಝಾಕ್ ಆಂರಿ ಲಾರ್ತಿಗ್ ಎಂಬ ಶ್ರೀಮಂತ ಮನೆಯ ಹುಡುಗ ಗ್ಲೈಡರುಗಳನ್ನೂ ವಿಮಾನಗಳನ್ನೂ ಅವುಗಳ ಹಿಂದೆ ಓಡುವ ಜನರನ್ನೂ ತನ್ನ ಸಂತೋಷಕ್ಕಾಗಿ ಚಿತ್ರಿಸಿ ಆಲ್ಬಮ್ಮುಗಳಲ್ಲಿ ಅಂಟಿಸಿಡುತ್ತಿದ್ದನು. ಯಾರೂ ಕೇಳದೆ, ಯಾರೂ ಕೂಲಿ ಕೊಡದೆ, ನೋಡಿದ ಬೆರಗನ್ನು ಇಟ್ಟುಕೊಳ್ಳುವ ಆಸೆಗಾಗಿ ತೆಗೆದ ಚಿತ್ರಗಳೆಂಬ ಅರ್ಥದಲ್ಲಿ ಲಾರ್ತಿಗ್‌ನನ್ನು ಈ ಹವ್ಯಾಸದ ಹಿರಿಯನೆನ್ನಬಹುದು.

ಹಾರಾಟವನ್ನು ಊರೂರಿಗೆ ಕೊಂಡೊಯ್ದು ತೋರಿಸುವ ಅಲೆಮಾರಿ ವೈಮಾನಿಕರು ಭಾರತಕ್ಕೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಬೆಲ್ಜಿಯಮಿನ ಜೂಲ್ ಟಿಕ್ 1911ರಲ್ಲಿ ಬೆಂಗಳೂರಿನ ಜನರೆದುರು ವಿಮಾನ ಹಾರಿಸಿದನು. ಎಚ್‌ಎಎಲ್ ವಿಮಾನ ಕಾರ್ಖಾನೆ ಹುಟ್ಟುವುದಕ್ಕೆ ಸುಮಾರು ಮೂರು ದಶಕಗಳ ಮೊದಲೇ ಈ ಊರು ತಲೆಯೆತ್ತಿ ನೋಡುವುದನ್ನು ಕಲಿತಿತ್ತು.

ಮೊದಲ ಮಹಾಯುದ್ಧದ ನಂತರ ಪ್ರದರ್ಶನಗಳು ಸೇನೆಯ ಕೈಗೆ ಬಂದವು. ಲಂಡನ್ನಿನ ಹೊರವಲಯದ ಹೆಂಡನ್ ಮೈದಾನದಲ್ಲಿ ಬ್ರಿಟಿಷ್ ವಾಯುಪಡೆ 1920ರಿಂದ 1937ರವರೆಗೆ ವರ್ಷವರ್ಷವೂ ಜನರಿಗೆ ತನ್ನ ವಿಮಾನಗಳನ್ನು ತೋರಿಸಿತು. ವಿಮಾನದ ಛಾಯಾಗ್ರಹಣವನ್ನೇ ವೃತ್ತಿಯಾಗಿ ಮಾಡಿಕೊಂಡ ಚಾರ್ಲ್ಸ್ ಬ್ರೌನ್‌ನಂಥವರು ಒಂದು ವಿಮಾನದಲ್ಲಿ ಕುಳಿತು ಮತ್ತೊಂದರ ಚಿತ್ರ ತೆಗೆಯುವ ಸವಲತ್ತು ಪಡೆದಿದ್ದರು. ಮೋಡದ ಹಾಸಿನ ಮೇಲೆ ತೇಲುವ ಬ್ರೌನ್‌ನ ವಿಮಾನಗಳು ಜನಸಾಮಾನ್ಯರ ಮನಸ್ಸಿನಲ್ಲಿ ವಿಮಾನದ ಆದರ್ಶ ರೂಪವಾಗಿ ನೆಲೆನಿಂತವು. ನೆಲದ ಮೇಲೆ ನಿಂತವನಿಗೆ ಆ ನೋಟ ಎಂದೂ ಸಿಗದು. ಅವನು ನೋಡುವುದು ವಿಮಾನದ ಹೊಟ್ಟೆಯನ್ನು, ಇಲ್ಲವೇ ಅದು ಮಗ್ಗುಲಾಗಿ ತಿರುಗಿದ ಕ್ಷಣದಲ್ಲಿ ಮಾತ್ರ ಅದರ ಬೆನ್ನನ್ನು. ಹವ್ಯಾಸಿಗಳು ಮಗ್ಗುಲಾಗಿ ಬಾಗುವ ತಿರುವಿಗಾಗಿ ಇಂದಿಗೂ ಹಾತೊರೆಯುವುದಕ್ಕೆ ಇದೇ ಕಾರಣ.

ಎರಡನೆಯ ಮಹಾಯುದ್ಧ ಒಂದು ವಿಚಿತ್ರ ಸ್ಥಿತಿಯನ್ನು ತಂದಿತು. ಬ್ರಿಟನ್ನಿನಲ್ಲಿ ಸೇನಾ ವಸ್ತುಗಳ ಚಿತ್ರ ತೆಗೆಯುವುದನ್ನು 1939ರ ಆದೇಶವೊಂದು ನಿರ್ಬಂಧಿಸಿತು. ಅದೇ ಸರ್ಕಾರ, ಮೇಲೆ ಹಾರುವುದು ತಮ್ಮದೋ ಶತ್ರುವಿನದೋ ಎಂದು ಗುರುತಿಸಲು ಜನರು ಕಲಿಯಬೇಕೆಂದು ಬಯಸಿತು. 1941ರಲ್ಲಿ ಆರಂಭವಾದ ‘ದಿ ಏರೋಪ್ಲೇನ್ ಸ್ಪಾಟರ್’ ಪತ್ರಿಕೆ ವಿಮಾನಗಳ ನೆರಳುಚಿತ್ರಗಳನ್ನೂ ಛಾಯಾಚಿತ್ರಗಳನ್ನೂ ಅಚ್ಚುಹಾಕಿ, ರೆಕ್ಕೆಯ ಓರೆ, ಬಾಲದ ಆಕಾರ, ಎಂಜಿನ್ನಿನ ಜಾಗ ಇವುಗಳಿಂದ ವಿಮಾನವನ್ನು ಹೆಸರಿಸುವ ಕಣ್ಣನ್ನು ಒಂದು ಪೀಳಿಗೆಗೆ ಕೊಟ್ಟಿತು. ಯುದ್ಧ ಮುಗಿದು ನಿರ್ಬಂಧ ಸಡಿಲವಾದಾಗ ಆ ಕಣ್ಣು ಕ್ಯಾಮರಾವನ್ನು ಹುಡುಕಿಕೊಂಡಿತು. ವಿಮಾನಗಳನ್ನು ನೋಡಿ ಅವುಗಳ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳುವ ಹವ್ಯಾಸಕ್ಕೆ ಇಂದಿಗೂ ‘ಸ್ಪಾಟಿಂಗ್’ ಎಂಬ ಯುದ್ಧಕಾಲದ ಪದವೇ ಚಾಲ್ತಿಯಲ್ಲಿದೆ.

ಬೇಲಿ ನಿಜವಾಗಿ ಹಿಂದೆ ಸರಿದದ್ದು 1952ರ ಸೆಪ್ಟೆಂಬರ್ 6ರಂದು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಡಿ ಹ್ಯಾವಿಲೆಂಡ್ 110 ಎಂಬ ಹೊಸ ಜೆಟ್, ಶಬ್ದದ ವೇಗ ಮೀರಿದ ಧುಮುಕಾಟದ ನಂತರ ಮೈದಾನದ ಕಡೆಗೆ ತಿರುಗುವಾಗ ಆಕಾಶದಲ್ಲೇ ಒಡೆದು, ಅದರ ಭಾಗಗಳು ಗುಡ್ಡದ ಮೇಲೆ ನಿಂತಿದ್ದ ಜನರ ಮೇಲೆ ಬಿದ್ದವು. ಚಾಲಕ ಜಾನ್ ಡೆರ್ರಿ, ಅವನ ಜೊತೆಗಿದ್ದ ಟೋನಿ ರಿಚರ್ಡ್ಸ್ ಮತ್ತು 29 ಪ್ರೇಕ್ಷಕರು ಸತ್ತರು. ಆ ಬಳಿಕ ಪ್ರದರ್ಶನದ ವಿಮಾನಗಳು ಜನರ ಕಡೆಗೆ ಮುಖಮಾಡಿ ಹಾರದಂತೆ, ಜನರಿಂದ ಇಂತಿಷ್ಟು ದೂರದಲ್ಲಿ ಎಳೆದ ಕಲ್ಪಿತ ಗೆರೆಯೊಂದನ್ನು ದಾಟದಂತೆ ನಿಯಮಗಳು ಬಂದವು. ಈ ಗೆರೆಗೆ ಪ್ರದರ್ಶನ ರೇಖೆ ಎಂದು ಹೆಸರು. 1988ರ ಆಗಸ್ಟ್ 28ರಂದು ಜರ್ಮನಿಯ ರಾಮ್‌ಸ್ಟೈನ್ ವಾಯುನೆಲೆಯಲ್ಲಿ ಇಟಲಿಯ ತಂಡದ ಮೂರು ವಿಮಾನಗಳು ಡಿಕ್ಕಿಯಾಗಿ 70 ಜನ ಸತ್ತ ಮೇಲೆ ನಿಯಮಗಳು ಇನ್ನಷ್ಟು ಬಿಗಿಯಾದವು. ಅಂದಿನ ಸಾವುಗಳ ಬಗ್ಗೆ ಬರೆಯುವಾಗ ಚಿತ್ರಗಳ ಮಾತು ಸಣ್ಣದಾಗಿ ಕಾಣುತ್ತದೆ, ಕಾಣಬೇಕಾದದ್ದೂ ಹಾಗೆಯೇ. ಆದರೂ ಛಾಯಾಗ್ರಹಣದ ಚರಿತ್ರೆಕಾರ ಇದನ್ನು ದಾಟಿ ಹೋಗುವಂತಿಲ್ಲ, ಏಕೆಂದರೆ ಉದ್ದನೆಯ ಲೆನ್ಸ್ ಹವ್ಯಾಸಿಯ ಕೈಗೆ ಬರಲು ಈ ದೂರವೇ ಕಾರಣವಾಯಿತು.

ಆ ದೂರ ಎಂಥದೆಂಬುದನ್ನು ಒಂದು ಲೆಕ್ಕದಿಂದ ಅರಿಯಬಹುದು. ಸುಮಾರು 13 ಮೀಟರ್ ಉದ್ದದ ತೇಜಸ್ ಯುದ್ಧವಿಮಾನ 500 ಮೀಟರ್ ದೂರದಲ್ಲಿ ಅಡ್ಡಲಾಗಿ ಹಾರಿಹೋಗುತ್ತಿದೆ ಎಂದುಕೊಳ್ಳೋಣ. ಬರಿಗಣ್ಣಿನ ನೋಟಕ್ಕೆ ಹತ್ತಿರವೆನ್ನಲಾಗುವ 50 ಮಿಲಿಮೀಟರ್ ಲೆನ್ಸಿನಲ್ಲಿ, 36 ಮಿಲಿಮೀಟರ್ ಅಗಲದ ಫಿಲಂ ಚೌಕಟ್ಟಿನ ಮೇಲೆ ಅದರ ಬಿಂಬದ ಉದ್ದ 1.3 ಮಿಲಿಮೀಟರ್ ಮಾತ್ರ. 400 ಮಿಲಿಮೀಟರ್ ಲೆನ್ಸಿನಲ್ಲೂ ಅದು ಹತ್ತೂವರೆ ಮಿಲಿಮೀಟರ್ ಆಗಿ, ಚೌಕಟ್ಟಿನ ಮೂರನೆಯ ಒಂದು ಭಾಗವನ್ನೂ ತುಂಬುವುದಿಲ್ಲ. ಹೀಗೆ ದೂರವನ್ನು ಗೆಲ್ಲಲು ಲೆನ್ಸ್ ಉದ್ದವಾಯಿತು, ಲೆನ್ಸ್ ಉದ್ದವಾದಂತೆ ಅದರ ತೂಕ ಹೆಚ್ಚಿತು, ಕೈಯ ಸಣ್ಣ ನಡುಕವೂ ಚಿತ್ರದಲ್ಲಿ ದೊಡ್ಡದಾಯಿತು, ಮತ್ತು ನೆಲದಿಂದೇಳುವ ಬಿಸಿಗಾಳಿಯ ಕಂಪನ, ನಮ್ಮ ಬಯಲುಸೀಮೆಯವರು ಬಿಸಿಲ್ಗುದುರೆ ಎನ್ನುವ ಆ ನಡುಗುವ ನೀರಿನಂಥ ತೆರೆ, ವಿಮಾನದ ಅಂಚುಗಳನ್ನು ಕರಗಿಸತೊಡಗಿತು. ಯಾವ ಬೆಲೆಯ ಲೆನ್ಸೂ ಆ ತೆರೆಯನ್ನು ಸರಿಸಲಾರದು.

ಇಲ್ಲಿಂದ ಮುಂದೆ ಬರುವುದು ಷಟರಿನ ವೇಗದ ಪ್ರಶ್ನೆ, ಮತ್ತು ಹವ್ಯಾಸದ ಸೂಕ್ಷ್ಮ ಜ್ಞಾನವೆಲ್ಲ ಅಡಗಿರುವುದು ಅಲ್ಲಿಯೇ. ಗಂಟೆಗೆ 720 ಕಿಲೋಮೀಟರ್ ವೇಗದ ಜೆಟ್ ಸೆಕೆಂಡಿಗೆ 200 ಮೀಟರ್ ಸಾಗುವುದರಿಂದ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ 20 ಸೆಂಟಿಮೀಟರ್ ಸರಿದಿರುತ್ತದೆ; ಕ್ಯಾಮರಾ ಅಲುಗದೆ ನಿಂತಿದ್ದರೆ ಚಿತ್ರದಲ್ಲಿ ಅಷ್ಟೂ ಮಸುಕು. ಆದ್ದರಿಂದ ಹವ್ಯಾಸಿ ಸೊಂಟದಿಂದ ಮೇಲಿನ ದೇಹವನ್ನೆಲ್ಲ ವಿಮಾನದ ಓಟಕ್ಕೆ ಸಮನಾಗಿ ತಿರುಗಿಸುತ್ತ, ಷಟರ್ ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸದೆ ಚಿತ್ರ ತೆಗೆಯುತ್ತಾನೆ. ಇದಕ್ಕೆ ಪ್ಯಾನಿಂಗ್ ಎನ್ನುತ್ತಾರೆ. ಜೆಟ್ಟಿಗೆ ಷಟರ್ ಎಷ್ಟು ವೇಗವಾದರೂ ನಡೆಯುತ್ತದೆ, ಆದರೆ ಪ್ರೊಪೆಲರ್ ಇರುವ ವಿಮಾನಕ್ಕೆ ಆ ಮಾತು ಸಲ್ಲದು. ನಿಮಿಷಕ್ಕೆ 2000 ಸುತ್ತು ತಿರುಗುವ ಪ್ರೊಪೆಲರ್ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ 12 ಡಿಗ್ರಿ ಮಾತ್ರ ತಿರುಗುವುದರಿಂದ ಚಿತ್ರದಲ್ಲಿ ಅದು ನಿಂತ ಹಲಗೆಯಂತೆ ಕಂಡು, ವಿಮಾನ ಎಂಜಿನ್ ಕೆಟ್ಟು ಆಕಾಶದಲ್ಲಿ ನೇತುಬಿದ್ದಂತೆ ತೋರುತ್ತದೆ. ಅದೇ 125ರಲ್ಲಿ ಒಂದು ಸೆಕೆಂಡಿಗೆ ಷಟರನ್ನು ಇಳಿಸಿದರೆ ಪ್ರೊಪೆಲರ್ ಕಾಲು ಸುತ್ತಿಗೂ ಹೆಚ್ಚು ತಿರುಗಿ ಹೊಳೆಯುವ ಬೀಸಣಿಗೆಯಾಗುತ್ತದೆ. ಹೆಲಿಕಾಪ್ಟರಿನದು ಇನ್ನೂ ಕಠಿಣ ಪರೀಕ್ಷೆ. ನಿಮಿಷಕ್ಕೆ ಸುಮಾರು 300 ಸುತ್ತಿನ ಧ್ರುವ್ ಹೆಲಿಕಾಪ್ಟರಿನ ರೆಕ್ಕೆ ಅದೇ 125ರಲ್ಲಿ ಒಂದು ಸೆಕೆಂಡಿನಲ್ಲಿ 14 ಡಿಗ್ರಿಯಷ್ಟೇ ಚಲಿಸುವುದರಿಂದ, ರೆಕ್ಕೆಯೂ ತಿರುಗುತ್ತಿರುವಂತೆ ಕಾಣಬೇಕು, ಒಡಲೂ ಚೂಪಾಗಿ ಕಾಣಬೇಕು ಎನ್ನುವವನು 60ರಲ್ಲಿ ಒಂದು ಸೆಕೆಂಡಿನವರೆಗೂ ಇಳಿಯಬೇಕಾಗುತ್ತದೆ. ಅಷ್ಟು ನಿಧಾನದ ಷಟರಿನಲ್ಲಿ ಭಾರದ ಲೆನ್ಸನ್ನು ಅಲುಗದಂತೆ ತಿರುಗಿಸಲು ಬೇಕಾದದ್ದು ವರ್ಷಗಳ ಅಭ್ಯಾಸ. ಇಪ್ಪತ್ತು ಚಿತ್ರಗಳಲ್ಲಿ ಒಂದು ದಕ್ಕಿದರೂ ಹವ್ಯಾಸಿ ತೃಪ್ತನಾಗುವುದು ಈ ಕಷ್ಟವನ್ನು ಬಲ್ಲದ್ದರಿಂದ.

ಫಿಲಂ ಕಾಲದಲ್ಲಿ ಇಪ್ಪತ್ತು ಚಿತ್ರಗಳನ್ನು ಹಾಗೆ ಕಳೆದುಕೊಳ್ಳುವುದೇ ದುಬಾರಿಯಾಗಿತ್ತು. ಒಂದು ರೋಲಿಗೆ 36 ಚಿತ್ರ. ಪಶ್ಚಿಮದ ಹವ್ಯಾಸಿಗಳ ಪಾಲಿಗೆ ಆ ಕಾಲದ ಪ್ರಮಾಣವಾಗಿದ್ದದ್ದು ಕೊಡಾಕ್ ಸಂಸ್ಥೆಯ ಕೊಡಾಕ್ರೋಮ್ ಎಂಬ ಬಣ್ಣದ ಸ್ಲೈಡ್ ಫಿಲಂ. ಸ್ಲೈಡ್ ಎಂದರೆ ಕಾಗದಕ್ಕೆ ಅಚ್ಚಾಗದೆ, ಬೆಳಕಿಗೆ ಹಿಡಿದು ನೋಡುವ ಇಲ್ಲವೇ ಪರದೆಯ ಮೇಲೆ ಬಿಡುವ ಪಾರದರ್ಶಕ ಚಿತ್ರ. 35 ಮಿಲಿಮೀಟರ್ ಕ್ಯಾಮರಾಗಳಿಗೆ 1936ರಲ್ಲಿ ಬಂದ ಈ ಫಿಲಂ ದಶಕಗಳ ನಂತರವೂ ಬಣ್ಣಗೆಡದೆ ಉಳಿಯುತ್ತಿದ್ದುದರಿಂದ ಸಂಗ್ರಹಕಾರರಿಗೆ ಪ್ರಿಯವಾಯಿತು. ಆದರೆ ಅದಕ್ಕೆ ಬೆಳಕಿನ ಹಸಿವು ಹೆಚ್ಚು. 1974ರಲ್ಲಿ ಬಂದ ಕೊಡಾಕ್ರೋಮ್ 64ರಲ್ಲಿ ಕೂಡ, ಉರಿಬಿಸಿಲಿನಲ್ಲಿ, ಲೆನ್ಸಿನ ಕಿಂಡಿಯನ್ನು ಸಾಕಷ್ಟು ಅಗಲ ಮಾಡಿದರೂ ಸಿಗುತ್ತಿದ್ದ ಷಟರ್ ವೇಗ 500ರಲ್ಲಿ ಒಂದು ಸೆಕೆಂಡಿನ ಆಸುಪಾಸು. ಮೋಡ ಬಂದರೆ ಅದೂ ಇಲ್ಲ. ಹೀಗಾಗಿ ಬಿಸಿಲು ಬೆನ್ನಿಗಿರಬೇಕು, ವಿಮಾನ ಇಡಿಯಾಗಿ ಕಾಣಬೇಕು, ಅದರ ಮುಂದೆ ಏಣಿಯಾಗಲಿ ಮನುಷ್ಯನಾಗಲಿ ಅಡ್ಡ ಬರಬಾರದು, ಬಾಲದ ಸಂಖ್ಯೆ ಓದುವಂತಿರಬೇಕು ಎಂಬ ಕಟ್ಟುನಿಟ್ಟಾದ ಶೈಲಿಯೊಂದು ಬೆಳೆಯಿತು. ಕಲೆಯ ದೃಷ್ಟಿಯಿಂದ ಬೇಸರ ತರಿಸುವಷ್ಟು ಏಕರೂಪದ ಈ ಸ್ಲೈಡುಗಳನ್ನು ಹವ್ಯಾಸಿಗಳು ದೇಶದಿಂದ ದೇಶಕ್ಕೆ ಅಂಚೆಯಲ್ಲಿ ವಿನಿಮಯ ಮಾಡಿಕೊಂಡರು. ಒಂದು ವಿಮಾನ ಯಾವ ವರ್ಷ ಯಾವ ಬಣ್ಣದಲ್ಲಿತ್ತು, ಯಾವ ದಳಕ್ಕೆ ಸೇರಿತ್ತು, ಯಾವಾಗ ಕಣ್ಮರೆಯಾಯಿತು ಎಂಬುದನ್ನು ಇಂದಿನ ಚರಿತ್ರೆಕಾರರು ಅನೇಕ ಸಲ ತಿಳಿಯುವುದು ಈ ಖಾಸಗಿ ಪೆಟ್ಟಿಗೆಗಳಿಂದಲೇ. ಸಂಖ್ಯೆ ಓದುವಂತಿರಬೇಕೆಂಬ ಆ ಹಟವನ್ನು ಕೇವಲ ಗೀಳೆಂದು ತಳ್ಳಿಹಾಕಿದವರು ಅದರ ಬೆಲೆಯನ್ನು ಅರಿತಿರಲಿಲ್ಲ.

ಭಾರತದಲ್ಲಿ ಇಂಥ ಪೆಟ್ಟಿಗೆಗಳು ವಿರಳ, ಮತ್ತು ಅದಕ್ಕೆ ಫಿಲಮ್ಮಿನ ಬೆಲೆಯೊಂದೇ ಕಾರಣವಲ್ಲ. 1937ರ ವಿಮಾನ ನಿಯಮಗಳ 13ನೆಯ ನಿಯಮ, ಸರ್ಕಾರಿ ವಿಮಾನ ನಿಲ್ದಾಣದಲ್ಲಾಗಲಿ ಹಾರುತ್ತಿರುವ ವಿಮಾನದಿಂದಾಗಲಿ ಲಿಖಿತ ಅನುಮತಿಯಿಲ್ಲದೆ ಚಿತ್ರ ತೆಗೆಯುವುದನ್ನು ನಿಷೇಧಿಸಿತ್ತು. ವಾಯುಪಡೆಯ ನೆಲೆಗಳು 1923ರ ಅಧಿಕೃತ ರಹಸ್ಯಗಳ ಕಾಯಿದೆಯ ಪ್ರಕಾರ ನಿಷೇಧಿತ ಸ್ಥಳಗಳು. ವಸಾಹತು ಕಾಲದ ಈ ಎರಡು ಬೇಲಿಗಳು ಸ್ವಾತಂತ್ರ್ಯಾನಂತರವೂ ಹಾಗೆಯೇ ಉಳಿದವು, ಮತ್ತು ದೇಶ ಕಂಡ ಯುದ್ಧಗಳ ಹಿನ್ನೆಲೆಯಲ್ಲಿ ಅವುಗಳನ್ನು ಸಡಿಲಿಸುವ ಮಾತು ಬಹುಕಾಲ ಏಳಲಿಲ್ಲ. ಭದ್ರತೆಯ ಆತಂಕ ನಮ್ಮ ದೇಶದ್ದು ಮಾತ್ರವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 2001ರ ನವೆಂಬರಿನಲ್ಲಿ ಗ್ರೀಸಿನ ಕಲಮಾತಾ ವಾಯುನೆಲೆಯಲ್ಲಿ ಸಾರ್ವಜನಿಕರಿಗೆ ಪ್ರವೇಶವಿದ್ದ ದಿನ ಅಲ್ಲಿಗೆ ಹೋಗಿದ್ದ 12 ಬ್ರಿಟಿಷ್ ಮತ್ತು ಇಬ್ಬರು ಡಚ್ ಹವ್ಯಾಸಿಗಳನ್ನು ಗೂಢಚರ್ಯೆಯ ಆರೋಪದ ಮೇಲೆ ಬಂಧಿಸಲಾಯಿತು. ಮರುವರ್ಷ ಏಪ್ರಿಲಿನಲ್ಲಿ ಶಿಕ್ಷೆಯಾಗಿ, ನವೆಂಬರಿನಲ್ಲಿ ಮೇಲ್ಮನವಿಯ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ವಿಮಾನದ ಸಂಖ್ಯೆ ಬರೆದುಕೊಳ್ಳುವುದರಲ್ಲಿ ಏನು ಸಂತೋಷವಿದೆ ಎಂಬುದನ್ನು ಆ ಹವ್ಯಾಸವಿಲ್ಲದ ನಾಡಿನ ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಡುವುದು ಸುಲಭವಾಗಿರಲಿಲ್ಲ.

ನಮ್ಮ ದೇಶದ ಈ ನಿಷೇಧದಿಂದ ಬೆಂಗಳೂರು ಕಳೆದುಕೊಂಡದ್ದು ಏನೆಂಬುದನ್ನು ಮಾರುತ್ ವಿಮಾನದ ಉದಾಹರಣೆಯಿಂದ ನೋಡಬಹುದು. ವಾಲಚಂದ್ ಹೀರಾಚಂದ್ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆಯೇ ಮುಂದೆ ಎಚ್‌ಎಎಲ್ ಆಯಿತು. ಅಲ್ಲಿ ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ರೂಪುಗೊಂಡ ಎಚ್‌ಎಫ್-24 ಮಾರುತ್ ಜೆಟ್ 1961ರ ಜೂನ್ 17ರಂದು ಸುರಂಜನ್ ದಾಸ್ ಅವರ ಕೈಯಲ್ಲಿ ಮೊದಲ ಸಲ ಹಾರಿತು. 1970ರ ಜನವರಿಯಲ್ಲಿ ಮಾರುತ್ ಅಪಘಾತದಲ್ಲೇ ಅವರು ತೀರಿಕೊಂಡರು. ಎಚ್‌ಎಎಲ್ ಬಳಿಯ ರಸ್ತೆಯೊಂದು ಇಂದು ಅವರ ಹೆಸರಿನಲ್ಲಿದೆ. ಒಟ್ಟು 147 ಮಾರುತ್‌ಗಳು ತಯಾರಾಗಿ, 1971ರ ಯುದ್ಧದಲ್ಲಿ ಹೋರಾಡಿ, 1990ರಲ್ಲಿ ನಿವೃತ್ತವಾದವು. ಸುಮಾರು ಮೂರು ದಶಕಗಳ ಕಾಲ ಹಳೆಯ ವಿಮಾನ ನಿಲ್ದಾಣ ರಸ್ತೆಯ ಜನರಿಗೆ ಪರಿಚಿತವಾಗಿದ್ದ ಆ ವಿಮಾನ ಹಾರುತ್ತಿರುವ ಚಿತ್ರಗಳಲ್ಲಿ ನಮಗಿಂದು ಕಾಣಸಿಗುವ ಹೆಚ್ಚಿನವು ಸಂಸ್ಥೆಯವೋ ವಾಯುಪಡೆಯವೋ ಆಗಿವೆ. ಊರಿನ ಹುಡುಗನೊಬ್ಬ ಮನೆಯ ತಾರಸಿಯಿಂದ, ತಾನು ಕಂಡಂತೆ, ತೆಂಗಿನಮರದ ಗರಿಯ ಸಮೇತ ತೆಗೆದ ಮಾರುತ್‌ನ ಚಿತ್ರ ಹುಡುಕಿದರೂ ಸಿಗುವುದು ಕಷ್ಟ. ಕಾರ್ಖಾನೆ ತನ್ನ ಊರಿನದು, ವಿಮಾನ ತನ್ನ ಊರಿನದು, ಅದರ ನೆನಪು ಮಾತ್ರ ಕಡತಗಳದು ಎಂಬ ಈ ಸ್ಥಿತಿ ನಿಜವಾಗಿಯೂ ದುಃಖದ್ದು.

1996ರಲ್ಲಿ ಯಲಹಂಕದಲ್ಲಿ ಮೊದಲ ಏರೋ ಇಂಡಿಯಾ ನಡೆದಾಗ ಈ ಬೇಲಿಯಲ್ಲಿ ವರ್ಷ ಬಿಟ್ಟು ವರ್ಷ ತೆರೆಯುವ ಬಾಗಿಲೊಂದು ಹುಟ್ಟಿತು. ಸಾರಿಗೆ ವಿಮಾನಗಳ ಚಾಲಕರಿಗೆ ತರಬೇತಿ ನೀಡುವ ಈ ನೆಲೆ ಉಳಿದ ದಿನಗಳಲ್ಲಿ ನಿಷೇಧಿತ ಸ್ಥಳ. ಪ್ರದರ್ಶನದ ಮೊದಲ ಮೂರು ದಿನ ವ್ಯಾಪಾರಿಗಳಿಗೆ, ಕೊನೆಯ ಎರಡು ದಿನ ಟಿಕೆಟ್ ಕೊಂಡ ಸಾರ್ವಜನಿಕರಿಗೆ ಎಂಬುದು ಸಾಮಾನ್ಯವಾಗಿ ನಡೆದುಬಂದ ಕ್ರಮ. ಕಾಲವೂ ಹೊಂದಿಬಂತು. ಅದೇ ವರ್ಷ ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ್ ತಂಡ ರೂಪುಗೊಂಡಿತು. 2001ರ ಜನವರಿ 4ರಂದು ಮುಂದೆ ತೇಜಸ್ ಎಂದು ಹೆಸರಾದ ಹಗುರ ಯುದ್ಧವಿಮಾನ ಬೆಂಗಳೂರಿನಲ್ಲಿ ಮೊದಲ ಸಲ ಹಾರಿತು. ಧ್ರುವ್ ಹೆಲಿಕಾಪ್ಟರುಗಳಿಗೆ ನವಿಲಿನ ಬಣ್ಣ ಬಳಿದ ಸಾರಂಗ್ ತಂಡ ಅದರ ಬೆನ್ನಿಗೇ ಬಂತು. ಭಾರತ 126 ಯುದ್ಧವಿಮಾನಗಳನ್ನು ಕೊಳ್ಳಲು ಹೊರಟಿದ್ದ ವರ್ಷಗಳಲ್ಲಿ ಮಿಗ್-35, ಎಫ್-16, ಎಫ್-18, ರಫೇಲ್, ಯೂರೋಫೈಟರ್‌ಗಳು ಯಲಹಂಕದ ಆಕಾಶದಲ್ಲಿ ಪೈಪೋಟಿಗೆ ಬಿದ್ದವು. ಯುರೋಪಿನ ಹವ್ಯಾಸಿಗಳು ಹಲವು ದೇಶ ತಿರುಗಿ ಕಾಣುತ್ತಿದ್ದುದನ್ನು ಬೆಂಗಳೂರಿನವರು ಬಿಎಂಟಿಸಿ ಬಸ್ಸಿನಲ್ಲಿ ಹೋಗಿ ಕಂಡರು.

ಯಲಹಂಕದ ಬೆಳಕಿಗೆ ತನ್ನದೇ ಸ್ವಭಾವವಿದೆ. ಓಡುದಾರಿ ಪೂರ್ವ ಪಶ್ಚಿಮವಾಗಿರುವುದರಿಂದ, ಚಳಿಗಾಲದಲ್ಲಿ ದಕ್ಷಿಣಕ್ಕೆ ವಾಲಿದ ಸೂರ್ಯ ಒಂದು ಬದಿಯಲ್ಲಿ ನಿಂತವರಿಗೆ ಬೆನ್ನ ಹಿಂದೆ, ಇನ್ನೊಂದು ಬದಿಯವರಿಗೆ ಕಣ್ಣ ಮುಂದೆ. ಫೆಬ್ರವರಿಯ ನಡುಹಗಲಲ್ಲಿ ಅದು 60 ಡಿಗ್ರಿಗೂ ಮೇಲಕ್ಕೇರಿ, ವಿಮಾನದ ಬೆನ್ನು ಬೆಳಗಿ ಹೊಟ್ಟೆ ಕಪ್ಪಾಗುತ್ತದೆ. ನೆಲದ ಮೇಲಿನವನಿಗೆ ಕಾಣುವುದು ಆ ಹೊಟ್ಟೆಯೇ. ಮುಂಜಾನೆಯ ಓರೆಬೆಳಕು ಚೆಂದವಾದರೂ ಆಗ ಮಂಜುಮಸುಕು ಇರುತ್ತದೆ. ತೇವವಿರುವ ಗಾಳಿಯಲ್ಲಿ ಜೆಟ್ ಗಕ್ಕನೆ ತಿರುಗಿದಾಗ ರೆಕ್ಕೆಯ ಮೇಲೆ ಒತ್ತಡ ಕುಸಿದು, ತಣಿದು, ಬಿಳಿಯ ಹಬೆ ಹೊಮ್ಮುವುದುಂಟು. ಸಮುದ್ರದ ಬದಿಯ ಪ್ರದರ್ಶನಗಳ ಹೆಗ್ಗಳಿಕೆಯಾದ ಈ ದೃಶ್ಯ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಒಣ ಫೆಬ್ರವರಿಯಲ್ಲಿ ಅಪರೂಪ. ಅದಕ್ಕೆ ಬದಲು ಇಲ್ಲಿನ ಚಿತ್ರಗಳಲ್ಲಿ ಹದ್ದುಗಳಿವೆ. ವಿಮಾನಕ್ಕೆ ಹಕ್ಕಿ ಬಡಿಯದಿರಲೆಂದು ಪ್ರದರ್ಶನಕ್ಕೆ ಮುನ್ನವೇ ಸುತ್ತಲಿನ ಹತ್ತು ಹದಿಮೂರು ಕಿಲೋಮೀಟರ್ ಫಾಸಲೆಯಲ್ಲಿ ಮಾಂಸದಂಗಡಿಗಳನ್ನು ಮುಚ್ಚಿಸಲಾಗುತ್ತದೆ. ಅದಕ್ಕೆ ಆಧಾರವಾಗಿ ಪಾಲಿಕೆ ಉಲ್ಲೇಖಿಸುವುದು ಚಿತ್ರ ತೆಗೆಯುವುದನ್ನು ತಡೆದಿದ್ದ ಅದೇ 1937ರ ನಿಯಮಗಳನ್ನು, ಅವುಗಳ 91ನೆಯ ನಿಯಮವನ್ನು. ಆದರೂ ಹದ್ದು ಬರುತ್ತದೆ, ಮತ್ತು ಸುಖೋಯ್ ವಿಮಾನದ ಹಿಂದೆ ಸಾವಕಾಶವಾಗಿ ತೇಲುವ ಹದ್ದಿನ ಚಿತ್ರ ಯಲಹಂಕದ್ದೆಂದು ಬಲ್ಲವರು ಕಂಡೊಡನೆ ಹೇಳಬಲ್ಲರು.

ಟಿಕೆಟ್ ಇಲ್ಲದವರ ಪ್ರದರ್ಶನವನ್ನೂ ಇದರೊಡನೆ ಎಣಿಸಬೇಕು. ಉದ್ಘಾಟನೆಗೆ ಮುಂಚಿನ ಅಭ್ಯಾಸದ ದಿನಗಳಿಂದಲೇ ಬಳ್ಳಾರಿ ರಸ್ತೆಯಲ್ಲಿ ಬೈಕುಗಳು ನಿಲ್ಲುತ್ತವೆ, ಪೊಲೀಸರು ಮುಂದಕ್ಕೆ ಕಳಿಸುತ್ತಾರೆ, ಮತ್ತೆ ನಿಲ್ಲುತ್ತವೆ. ಹುಣಸಮಾರನಹಳ್ಳಿ, ಬೆಟ್ಟಹಲಸೂರು ಕಡೆಯ ತಾರಸಿಗಳೇ ಆ ದಿನಗಳಲ್ಲಿ ಅಟ್ಟಣೆಗಳಾಗುತ್ತವೆ. ಮೊಬೈಲ್ ಫೋನ್ ಬಂದ ಮೇಲೆ ಈ ಜನರೆಲ್ಲ ದಾಖಲೆಕಾರರಾದರು. 2019ರ ಫೆಬ್ರವರಿ 19ರಂದು ಅಭ್ಯಾಸದ ವೇಳೆ ಸೂರ್ಯಕಿರಣ್ ತಂಡದ ಎರಡು ಹಾಕ್ ವಿಮಾನಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಪ್ರಾಣ ಕಳೆದುಕೊಂಡಾಗ, ಆ ದೃಶ್ಯ ನೆಲದಲ್ಲಿದ್ದವರ ಕೈಯ ಫೋನುಗಳಲ್ಲೂ ಉಳಿಯಿತು. ಅಂದಿನವರೆಗೆ ಬಣ್ಣದ ಹೊಗೆಯನ್ನು ಹಿಡಿಯಲು ಎತ್ತುತ್ತಿದ್ದ ಕೈಗಳಿಗೆ, ಆ ಹೊಗೆಯೊಳಗೆ ಒಬ್ಬ ಮನುಷ್ಯನಿರುತ್ತಾನೆಂಬ ಅರಿವು ಅಂದು ಕಠೋರವಾಗಿ ಬಂದಿತು.

ಉಪಕರಣಗಳ ಮಾತು ಇಲ್ಲಿ ಚಿಕ್ಕದು. ತಾನೇ ಗುರಿ ಹಿಡಿಯುವ ಕ್ಯಾಮರಾಗಳು 1985ರ ಮಿನೋಲ್ಟಾ 7000ದಿಂದ ಜನಪ್ರಿಯವಾದವು; ಕೈನಡುಕವನ್ನು ಲೆನ್ಸೇ ಸರಿಪಡಿಸುವ ವ್ಯವಸ್ಥೆ 1995ರಲ್ಲಿ ಬದಲಿಸಬಹುದಾದ ಲೆನ್ಸುಗಳಿಗೆ ಬಂತು; ಕೊಡಾಕ್ರೋಮ್ ತಯಾರಿಕೆ 2009ರಲ್ಲಿ ನಿಂತಿತು. ಇಂದಿನ ಕ್ಯಾಮರಾ ಸೆಕೆಂಡಿಗೆ 20 ಚಿತ್ರ ತೆಗೆಯುವಾಗ ಹಿಂದಿನ ಒಂದು ರೋಲು ಎರಡು ಸೆಕೆಂಡಿನೊಳಗೆ ಮುಗಿದುಹೋಗುತ್ತಿತ್ತು. ಮಾರೇ ತನ್ನ ಬಂದೂಕಿನಲ್ಲಿ ಹಕ್ಕಿಯನ್ನು ಹಿಡಿದ ವೇಗಕ್ಕೆ ಇದು ಎರಡರಷ್ಟೂ ಆಗದು. 2025ರ ಫೆಬ್ರವರಿಯಲ್ಲಿ ಅಮೆರಿಕದ ಎಫ್-35 ಮತ್ತು ರಷ್ಯಾದ ಸುಖೋಯ್-57 ಒಂದೇ ಪ್ರದರ್ಶನದಲ್ಲಿ ಯಲಹಂಕಕ್ಕೆ ಬಂದಾಗ ಬೇಲಿಯುದ್ದಕ್ಕೂ ಕೇಳಿದ್ದು ಈ ಕ್ಯಾಮರಾಗಳ ಸದ್ದು.

ಮಾರುತ್‌ಗೆ ಸಿಗದಿದ್ದದ್ದು ತೇಜಸ್‌ಗೆ ಸಿಕ್ಕಿದೆ. ಕೆಎಚ್ 2001 ಎಂಬ ಸಂಖ್ಯೆ ಹೊತ್ತ ಅದರ ಮೊದಲ ಮಾದರಿಯಿಂದ ಹಿಡಿದು ವಾಯುಪಡೆಯ ಬೂದುಬಣ್ಣ ತೊಟ್ಟ ಇಂದಿನ ವಿಮಾನಗಳವರೆಗೆ, ಬದಲಾದ ಬಣ್ಣ, ಹೊಸದಾಗಿ ಬಂದ ಕೊಳವೆ, ರೆಕ್ಕೆಯಡಿ ತೂಗಿದ ಹೊಸ ಕ್ಷಿಪಣಿ ಎಲ್ಲವೂ ದಿನಾಂಕ ಸಮೇತ ಹವ್ಯಾಸಿಗಳ ಸಂಗ್ರಹಗಳಲ್ಲಿ ಸಾಲಾಗಿ ಕುಳಿತಿವೆ. ಮಾರುತ್ ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಆವರಣದಲ್ಲಿ ನಿಂತಿದೆ. ಅದರ ಚಿತ್ರ ತೆಗೆಯಲು ಉದ್ದನೆಯ ಲೆನ್ಸ್ ಬೇಡ, ಷಟರಿನ ಲೆಕ್ಕ ಬೇಡ. ಶಾಲೆಯ ಮಕ್ಕಳು ಅದರ ಮೂತಿಯ ಪಕ್ಕ ಸಾಲಾಗಿ ನಿಲ್ಲುತ್ತಾರೆ, ಮೇಷ್ಟ್ರು ಫೋನ್ ಹಿಡಿದು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.